ಕಾಲು ಕೈಕೊಟ್ಟ ಮೇಲೆ...

ಫುಟ್ಬಾಲ್ ನೋಡುವಾಗ ನನ್ನ ಕಣ್ಣು ಚೆಂಡಿಗಿಂತ ಹೆಚ್ಚಾಗಿ ಗೆರೆಯಾಚೆ ನಿಂತು ಕೂಗಾಡೋ ಕೋಚ್ ಮೇಲೇ ಇರುತ್ತೆ. ಅವರಲ್ಲಿ ನನಗೆ ತುಂಬಾ ಇಷ್ಟವಾದವನು ಜರ್ಮನಿಯ ಯೂಲಿಯಾನ್ ನಾಗೆಲ್ಸ್‌ಮನ್.

ಹುಟ್ಟಿದ್ದು 1987ರಲ್ಲಿ. 20ಕ್ಕೇ ಮೊಣಕಾಲು ಕೈಕೊಟ್ಟು ಆಟ ಮುಗೀತು. ಆಗ ಔಗ್ಸ್‌ಬುರ್ಗ್ ಕ್ಲಬ್ಬಿನ ಎರಡನೇ ತಂಡದ ಕೋಚ್ ಆಗಿದ್ದ ಥಾಮಸ್ ಟುಖೆಲ್, ಎದುರಾಳಿಗಳ ಆಟ ನೋಡಿಕೊಂಡು ಬಾ ಅಂತ ಕಳಿಸಿದ್ರು. ಆಡಲಾಗದವನು ಆಟ ನೋಡೋದನ್ನ ಕಲಿತ!

2016ರ ಫೆಬ್ರವರಿ. 18 ತಂಡಗಳ ಬುಂಡೆಸ್‌ಲೀಗಾದಲ್ಲಿ ಹೊಫೆನ್‌ಹೈಮ್ 17ನೇ ಸ್ಥಾನದಲ್ಲಿತ್ತು. ಕೆಳಗಿನ ಲೀಗಿಗೆ ಬೀಳೋದು ಗ್ಯಾರಂಟಿ ಅನ್ನೋ ಸ್ಥಿತಿ. ಅಂಥ ಹೊತ್ತಲ್ಲಿ 28ರ ಈ ಹುಡುಗನ ಕೈಗೆ ತಂಡ ಕೊಟ್ರು. ಆಟಗಾರರಲ್ಲೇ ಅವನಿಗಿಂತ ದೊಡ್ಡವರಿದ್ರು ಕಣ್ರೀ! ತಂಡ ಉಳೀತು, ಒಂದೇ ಒಂದು ಅಂಕದಲ್ಲಿ. ಮುಂದಿನ ಸೀಸನ್‌ನಲ್ಲಿ ನಾಲ್ಕನೇ ಸ್ಥಾನ.

ಎಲ್ಲಾ ಸಲೀಸಾಗೇನೂ ಇರಲಿಲ್ಲ. 2023ರ ಮಾರ್ಚಿನಲ್ಲಿ ಬಾಯರ್ನ್ ಮ್ಯೂನಿಕ್ ಕೆಲಸದಿಂದ ತೆಗೀತು. ಅದೇ ಸೆಪ್ಟೆಂಬರಿನಲ್ಲಿ ಜರ್ಮನಿಯ ರಾಷ್ಟ್ರೀಯ ತಂಡವೇ ಅವನ ಕೈಗೆ ಬಂತು.

ಮೊಣಕಾಲಿನ ಆಪರೇಷನ್ ಆದಮೇಲೆ ನನ್ನ ಅಕ್ಕನ ಮಗ ಮೈದಾನದ ಕಡೆ ತಲೇನೂ ಹಾಕಲ್ಲ. ಅವನಿಗೆ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅವನಿಗೆ ಟುಖೆಲ್ ಸಿಕ್ಕ. ನಂಗ್ಯಾರಿದಾರೆ, ಮಾಮ?" ಅಂದ.

ನನಗೆ ಉತ್ತರ ಹೊಳೀಲಿಲ್ಲ. ನಿಮಗೇನಾದ್ರೂ ಹೊಳೀತಾ?