ತಂಬೂರಿಯನ್ನು ಮುಚ್ಚಿದ ಝೇಂಕಾರ

ಗತಿಸಿದ ನನ್ನ ಪತ್ನಿಯು ಹಾಡಿದ ಶಂಕರಾಭರಣದ ಆಲಾಪನೆಯೊಂದು ಹಳೆಯ ಕ್ಯಾಸೆಟ್ಟಿನಲ್ಲಿ ಉಳಿದಿದೆ. ಮೊಮ್ಮಗಳಿಗೆ ಅದನ್ನು ಕೇಳಿಸಬೇಕೆಂದು ಟೇಪ್ ರೆಕಾರ್ಡರಿಗೆ ಹೊಸ ಅಡಾಪ್ಟರನ್ನು ಕೊಂಡು, ಆಂಪ್ಲಿಫೈಯರಿಗೆ ಜೋಡಿಸಿದೆನು. ಹಾಡಿಗೆ ಮುನ್ನವೇ ದುಂಬಿಯ ಝೇಂಕಾರದಂಥ ಸದ್ದು! ತಂಬೂರಿಯು ಅದರಲ್ಲಿ ಮುಳುಗಿಹೋಯಿತು. ಕ್ಯಾಸೆಟ್ಟೇ ಕೆಟ್ಟಿತೆಂದು ಎದೆಗುಂದಿದೆನು.

ಪರಿಚಿತನೊಬ್ಬನು ಆಂಪ್ಲಿಫೈಯರಿನ ಪ್ಲಗ್ಗಿನಲ್ಲಿರುವ ಅರ್ಥಿಂಗ್ ಪಿನ್ನನ್ನು ಕತ್ತರಿಸೆಂದನು. ನಾನು ಒಪ್ಪಲಿಲ್ಲ, ಅದಿರುವುದು ಪ್ರಾಣರಕ್ಷಣೆಗಾಗಿ. ಅಡಾಪ್ಟರನ್ನು ತೆಗೆದು ಟೇಪಿಗೆ ನಾಲ್ಕು ಸೆಲ್ಲುಗಳನ್ನು ಹಾಕಿ ನೋಡಿದೆನು. ಝೇಂಕಾರವು ಅಡಗಿತು. ದೋಷವು ಕ್ಯಾಸೆಟ್ಟಿನದಲ್ಲ! ಸೆಲ್ಲುಗಳಿಂದಲೇ ನಡೆಸಬಹುದಿತ್ತು, ಆದರೆ ಪಿಂಚಣಿದಾರನಿಗೆ ಅವು ದುಬಾರಿ.

ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳುಳ್ಳದ್ದು. ಅದನ್ನು ಏಕಮುಖವಾಗಿಸುವಾಗ 100 ಆವರ್ತಗಳ ಅಲೆಯೊಂದು ಉಳಿಯುವುದು. ಚೆನ್ನಾಗಿ ಸೋಸದಿದ್ದರೆ ಕಿವಿಗೆ ಕೇಳುವುದು. ಹಗುರವಾದ ಅಗ್ಗದ ಸ್ವಿಚಿಂಗ್ ಅಡಾಪ್ಟರುಗಳು ಬೇರೆ ಕರ್ಕಶಗಳನ್ನೂ ಸೇರಿಸುವುದುಂಟು. ಆದುದರಿಂದ ಟ್ರಾನ್ಸ್‌ಫಾರ್ಮರೂ ರೆಗ್ಯುಲೇಟರೂ ಉಳ್ಳ, ತುಸು ಭಾರವಾದುದನ್ನು ಹುಡುಕಿ ತಂದೆನು. ಟೇಪಿನ ಮೇಲೆ ಬರೆದ 6 ವೋಲ್ಟು ತಪ್ಪಬಾರದು. ಆಂಪಿಯರು ಕಡಿಮೆಯಿರಬಾರದು, ಹೆಚ್ಚಿದ್ದರೆ ಬಾಧೆಯಿಲ್ಲ. ಧನ ಋಣಗಳ ಗುರುತು ಹೊಂದಲೇಬೇಕು. ಟೇಪು, ಆಂಪ್ಲಿಫೈಯರು ಎರಡನ್ನೂ ಒಂದೇ ಬೋರ್ಡಿಗೆ ಸೇರಿಸಿದೆನು.

ಆದರೂ ಮಂದವಾಗಿ ಅದೇ ಸದ್ದು! ಅಡಾಪ್ಟರು ಟೇಪಿಗೆ ಒತ್ತಿಕೊಂಡೇ ಕುಳಿತಿತ್ತು. ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವು ಟೇಪಿನ ಹೆಡ್ಡಿಗೆ ತಾಗುತ್ತಿತ್ತು. ಟೇಪನ್ನು ಎರಡು ಮೊಳ ದೂರ ಸರಿಸಿದೆನು.

“ಅಜ್ಜಿ ಉಸಿರು ತಗೊಳ್ಳೋದೂ ಕೇಳಿಸ್ತಿದೆ, ತಾತ” ಎಂದಳು ಮೊಮ್ಮಗಳು.