ಮಾಗಿ ಚಳಿಗೆ ಇಂಗ್ಲಿಷಿನ್ಯಾಗ ಏನಂತಾರ?

ಹೋದ ಐತವಾರ ಲಂಡನ್ನಿನಿಂದ ಮಗಳು ಫೋನ್ ಹಚ್ಚಿದ್ಲು. ಮೊಮ್ಮಗಳಿಗೆ ಸಾಲ್ಯಾಗ ಒಂದು ಕೆಲಸ ಕೊಟ್ಟಾರಂತ. ಅಜ್ಜಿಗೆ ಯಾವ ಕಾಲ ಸೇರತೈತಿ, ಆವಾಗ ಏನು ಹಾಕ್ಕೋತಾಳ, ಕೇಳಿ ಬರಕೊಂಡು ಬರಬೇಕು. "ನಾನ ಹೇಳಿ ಬರಸ್ತೀನಿ ಬಿಡವ್ವಾ" ಅಂದ್ಲು ಮಗಳು. ನಾ ಬ್ಯಾಡಂದೆ. ಒಂಬತ್ತು ವರ್ಷದ ಕೂಸಿನ ಜೋಡಿ ನಾ ಆಡೋ ಮಾತೆಲ್ಲಾ ಮಗಳ ಬಾಯಿಂದನ ಹೋಗ್ಬೇಕು. ಇದೊಂದರ ನಾನ ಹೇಳ್ತೀನಿ, ನಾನೂ ಪಿಯುಸಿ ಮುಗಿಸ್ದಾಕಿ, ನಾಳೆ ಫೋನ್ ಮಾಡ್ರಿ ಅಂತ ಇಟ್ಟೆ.

ರಾತ್ರಿ ರೊಟ್ಟಿ ಬಡಿಯುವಾಗ ತಲ್ಯಾಗ ಅದನ. ನನಗ ಸೇರೋದು ಮಾಗಿ ಚಳಿ. ಎಳ್ಳಮಾಸಿ ಹೊತ್ತಿಗೆ ನಮ್ಮ ಧಾರವಾಡ ಹೆಂಗಿರತೈತಿ ನಿಮಗೇನು ಹೇಳಬೇಕು? ಮುಂಜಾನೆ ಅಂಗಳ ಕಸಾ ಹೊಡಿಯುವಾಗ ಕೈ ಸೆಟೀತಾವ, ಹತ್ತಕ್ಕ ಬಿಸಲು ಬೆನ್ನಿಗೆ ಬಿದ್ದರ ಏಳಾಕ ಮನಸ್ಸು ಬರಂಗಿಲ್ಲ. ಹಾಲಿನ ಲೆಕ್ಕದ ವಹಿಯೊಳಗ ಬರಕೊಂಡೆ: "ಐ ಲೈಕ್ ಎ ಕೋಲ್ಡ್. ಐ ವೇರ್ ಹಾಟ್ ಕ್ಲಾತ್ಸ್."

ಮರುದಿನ ಓದಿ ಹೇಳಿದ್ರ ಕೂಸಿಗೆ ನಗು ತಡಿಯಾಕ ಆಗಲಿಲ್ಲ. ಒಂದು "ಎ" ಸೇರಿಸಿದ್ದಕ್ಕ ಚಳಿ ಹೋಗಿ ನೆಗಡಿ ಆಗಿತ್ತು! ಎಲ್ಲಾದಕ್ಕೂ "ಎ" ಹಚ್ಚಬೇಕಂತ ನಮಗ ಸಾಲ್ಯಾಗ ಬಡದು ಕಲಸಿದ್ರು. "ಕ್ಲಾತ್ಸ್" ಅಂದ್ರ ಒರಸೋ ಅರಬಿ, ಉಡೋವು "ಕ್ಲೋದ್ಸ್" ಅಂತ. "ಹಾಟ್" ಅಂದ್ರ ಸುಡೋದು, ಬೆಚ್ಚಗ ಇರೋದು "ವಾರ್ಮ್". ಅಂದ್ರ ನಾ ಚಳಿಗಾಲದಾಗ ನೆಗಡಿ ಹಿಡಸ್ಕೊಂಡು ಸುಡೋ ಮಸಿಬಟ್ಟಿ ಸುತ್ತಿಕೋತೀನಿ ಅಂತ ಆತು. ಮಗಳೂ ನಕ್ಕಳು. ನನಗ ಸಿಟ್ಟು ಬಂದಿತ್ತು, ಆಮ್ಯಾಲ ನಾನೂ ನಕ್ಕೆ.

"ನಿಮ್ಮ ಚಳಿ ನಮ್ಮಂಗ ಐತೇನು?" ಅಂತ ಕೇಳಿದ್ಲು. ಇಲ್ಲವ್ವಾ, ಹಿಮ ಇಲ್ಲ, ಮಳಿ ಇಲ್ಲ, ಒಣಾ ಚಳಿ, ಆಕಾಶ ತೊಳದಂಗ ಇರತೈತಿ ಅಂತ ಕೈಕಾಲು ಆಡಿಸಿ ತಿಳಿಸಿದೆ. "ಕ್ರಿಸ್ಪ್" ಅಂದ್ಲು. ಹಪ್ಪಳಕ್ಕ ಅಂತಾರಲ್ಲ ಅಂದೆ. ಮುಂಜಾನಿಗೂ ಅಂತಾರಂತ. ಹೌದನಿಸ್ತು. ಮಾಗಿ ಮುಂಜಾನೆ ಮುಟ್ಟಿದ್ರ ಮುರಿಯೋ ಹಂಗನ ಇರತೈತಿ.

ಸ್ವೆಟರ್ ತಿಳೀತು ಅಕಿಗೆ. ಕೌದಿ ಹೇಳಾಕ ಕಷ್ಟ ಆತು. "ಕ್ವಿಲ್ಟ್" ಅಂದ್ಲು, ಒಳಗ ಏನು ತುಂಬ್ಯಾರ ಅಂತ ಕೇಳಿದ್ಲು. ಏನೂ ಇಲ್ಲ, ಸೀರಿ ಮ್ಯಾಲ ಸೀರಿ ಹಾಕಿ ಹೊಲದದ್ದು. ನಮ್ಮವ್ವ ತನ್ನ ಹಳೇ ಇಳಕಲ್ ಸೀರಿಗೋಳನ್ನ ಕೂಡಿಸಿ ಹೊಲದ ಕೌದಿ ತಂದು ಕ್ಯಾಮೆರಾ ಮುಂದ ಹಿಡದೆ. ಒಂದು ಮೂಲ್ಯಾಗ ಹತ್ತಿಯ ಮೈಗೆ ರೇಷ್ಮಿ ಸೆರಗು ಕೂಡಿಸಿದ ಕೊಂಡಿ ಇನ್ನೂ ಕಾಣಸತೈತಿ. ಸಾಫ್ಟ್ ಅಂದ್ರ ಸಾಕೇನು ಅಂದೆ. ಅಕಿ ಒಂದು ಗಳಿಗಿ ನೋಡಿ "ವೋರ್ನ್" ಅಂದ್ಲು. ಉಟ್ಟದ್ದಕ್ಕೂ ಅದ ಮಾತು, ಉಟ್ಟು ಉಟ್ಟು ಸವದದ್ದಕ್ಕೂ ಅದ ಮಾತು ಅಂತ ಮಗಳು ಬಿಡಿಸಿ ಹೇಳಿದ್ಲು. ಅವ್ವ ಹೋಗಿ ಹನ್ನೊಂದು ವರ್ಷ ಆತು. ನನಗ ಮುಂದ ಮಾತು ಹೊರಡಲಿಲ್ಲ.

"ಇದರಾಗ ನಿಮ್ಮವ್ವ ಭಾಳ ಉಟ್ಟಿದ್ದು ಯಾವುದು?" ಅಂತ ಇಂಗ್ಲಿಷಿನ್ಯಾಗ ಕೇಳಿದ್ಲು ಕೂಸು. ಮಗಳು ತಿಳಿಸೋಕಿಂತ ಮೊದಲ ನನಗ ತಿಳೀತು. ಕೆಂಪು ತುಂಡಿನ ಮ್ಯಾಲ ಬಟ್ಟು ಇಟ್ಟು, "ದಿಸ್ ಒನ್" ಅಂದೆ.