ಅಂಚೆಯಲ್ಲಿ ಬಂದ ವಿಶ್ವವಿದ್ಯಾನಿಲಯ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ನನ್ನಿಂದಲೂ ಒಂದು ಲೇಖನ ಬೇಕೆಂದು ಸಂಪಾದಕ ಸಮಿತಿಯವರು ಅಪೇಕ್ಷಿಸಿದ್ದಾರೆ. ಮುಳಿಹುಲ್ಲಿನ ಮಾಡು ಹಂಚಿನದಾದುದು, ಹಂಚಿನದು ಕಾಂಕ್ರೀಟಿನದಾದುದು, ದಾನಿಗಳ ಔದಾರ್ಯ, ಬಾವಿ ತೋಡಿದ ಶ್ರಮದಾನ ಇವೆಲ್ಲ ಇತರ ಲೇಖನಗಳಲ್ಲಿ ಬಂದೇ ಬರುತ್ತವೆ. ನಾನು ಬರೆಯಬೇಕೆಂದಿರುವುದು ಇದೇ ಕಟ್ಟಡದ ಪೂರ್ವದ ಕೊಠಡಿಯಲ್ಲಿ ಭಾನುವಾರಗಳಂದು, ಹಾಜರಿ ಪುಸ್ತಕವಾಗಲೀ ಗಂಟೆಯಾಗಲೀ ಇಲ್ಲದೆ, ನಡೆಯುತ್ತಿದ್ದ ಇನ್ನೊಂದು ತರಗತಿಯ ಕುರಿತು. ಅಲ್ಲಿಯ ವಿದ್ಯಾರ್ಥಿಗಳೆಲ್ಲ ಪ್ರಾಯ ಸಂದವರು. ಅವರಲ್ಲಿ ನಾನೂ ಒಬ್ಬನಾಗಿದ್ದೆ.

ನಾನು 1966ರಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ತೇರ್ಗಡೆಯಾದವನು. ಕಾಸರಗೋಡಿನ ಸರಕಾರಿ ಕಾಲೇಜು 1957ರಲ್ಲೇ ಆರಂಭವಾಗಿತ್ತು. ಆದರೆ ಪಯಸ್ವಿನಿಯ ಬದಿಯ ನಮ್ಮಂಥ ಹಳ್ಳಿಗಳ ಹುಡುಗರಿಗೆ ಪೇಟೆಯಲ್ಲಿ ವಾಸ, ಊಟ, ಶುಲ್ಕಗಳನ್ನು ಹೊಂದಿಸುವುದು ಸುಲಭವಿರಲಿಲ್ಲ. ಶಿಕ್ಷಕ ತರಬೇತಿ ಮುಗಿಸಿ, ಅಲ್ಲಲ್ಲಿ ತಾತ್ಕಾಲಿಕ ಹುದ್ದೆಗಳಲ್ಲಿ ದುಡಿದು, 1975ರ ಜೂನ್ ತಿಂಗಳಲ್ಲಿ ಈ ಶಾಲೆ ತೆರೆದಾಗ ಇಲ್ಲಿ ಸೇರಿದೆ. ಖಾಸಗಿಯಾಗಿ ಪ್ರಿ-ಡಿಗ್ರಿ ಪರೀಕ್ಷೆಯನ್ನು ಕಟ್ಟಿ ಪಾಸಾದ ಮೇಲೆ ಬಿ.ಎ. ಓದುವ ಹಂಬಲ ಬಲವಾಯಿತು. ಅದೂ ಕನ್ನಡದಲ್ಲಿ ಓದಬೇಕೆಂಬ ಹಂಬಲ.

ಆಗ ನೆರವಿಗೆ ಬಂದುದು ಮೈಸೂರು ವಿಶ್ವವಿದ್ಯಾನಿಲಯದ ಅಂಚೆ-ತೆರಪಿನ ಶಿಕ್ಷಣ. ನಮ್ಮ ದೇಶದಲ್ಲಿ ಅಂಚೆಯ ಮೂಲಕ ಪದವಿ ಶಿಕ್ಷಣವನ್ನು ಮೊದಲು ಆರಂಭಿಸಿದುದು ದಿಲ್ಲಿ ವಿಶ್ವವಿದ್ಯಾನಿಲಯ, 1962ರಲ್ಲಿ. ಮೈಸೂರಿನಲ್ಲಿ ಅದು 1969ರಲ್ಲಿ ಬಂತು. ಕಂದು ಬಣ್ಣದ ಲಕೋಟೆಗಳಲ್ಲಿ ಪಾಠಗಳು ಬರುತ್ತಿದ್ದವು. ನಮ್ಮ ಅಂಚೆಯವರು ಹೊಳೆ ದಾಟಿ ಬರಬೇಕಾದವರು. ಆಷಾಢದಲ್ಲಿ ನೆರೆ ಬಂದರೆ ಪಂಪನ ಕುರಿತಾದ ಪಾಠವೂ ಆಚೆ ದಡದಲ್ಲೇ ವಾರಗಟ್ಟಲೆ ಕಾಯುತ್ತಿತ್ತು.

ಬೇಸಿಗೆಯ ರಜೆಯಲ್ಲಿ ಸಂಪರ್ಕ ತರಗತಿಗಳಿಗೆ ಮೈಸೂರಿಗೆ ಹೋಗಬೇಕಾಗಿತ್ತು. ಮುಳ್ಳೇರಿಯಾದಿಂದ ಸುಳ್ಯ, ಅಲ್ಲಿಂದ ಮಡಿಕೇರಿ ಘಾಟಿ ಹತ್ತಿ ಮೈಸೂರು. ಆ ತರಗತಿಯಂಥ ತರಗತಿಯನ್ನು ಅದಕ್ಕೆ ಮೊದಲಾಗಲೀ ಅನಂತರವಾಗಲೀ ನಾನು ಕಂಡಿಲ್ಲ. ಬಸ್ಸಿನ ನಿರ್ವಾಹಕರು, ದಾದಿಯರು, ಸೈನ್ಯದಿಂದ ನಿವೃತ್ತರಾದವರು, ಪೋಲೀಸು ಪೇದೆ, ದೇವಸ್ಥಾನದ ಅರ್ಚಕರು, ಮಗನನ್ನು ಕಾಲೇಜಿಗೆ ಸೇರಿಸಿ ತಾವೂ ಸೇರಿಕೊಂಡ ಗೃಹಿಣಿ, ಎಲ್ಲರೂ ಒಂದೇ ಬೆಂಚಿನಲ್ಲಿ ಕುಳಿತಿದ್ದೆವು. ಸೊಲ್ಲಾಪುರದ ಕಡೆಯ ಗಿರಣಿ ಕಾರ್ಮಿಕರೊಬ್ಬರ ಕನ್ನಡ ನನಗೆ ಮೊದಲೆರಡು ದಿನ ಅರ್ಥವಾಗಲಿಲ್ಲ. ನನ್ನ ಕನ್ನಡವನ್ನು ಅವರು "ಪುಸ್ತಕದಾಗಿನ ಮಾತು" ಎಂದು ನಗುತ್ತಿದ್ದರು. ತರಗತಿ ಮುಗಿದ ಮೇಲೂ ನಾವು ಕಾಗದ ಬರೆದುಕೊಳ್ಳುತ್ತಿದ್ದೆವು. ವಿಶ್ವವಿದ್ಯಾನಿಲಯವೆಂಬುದು ಇಂಥ ಸಹವಾಸವೇ ಹೊರತು ಗೋಪುರವುಳ್ಳ ಕಟ್ಟಡವಲ್ಲವೆಂದು ನಾನು ತಿಳಿದುಕೊಂಡದ್ದು ಅಲ್ಲಿ.

ವರ್ಷದ ಉಳಿದ ದಿನಗಳಲ್ಲಿ ಆ ಸಹವಾಸವನ್ನು ಊರಲ್ಲೇ ಕಟ್ಟಿಕೊಳ್ಳಬೇಕಾಯಿತು. ಭಾನುವಾರದ ಕೂಟ ಹುಟ್ಟಿದುದು ಹಾಗೆ. ಮೊದಲು ನಾವು ಮೂವರು ಅಧ್ಯಾಪಕರು, ಬಳಿಕ ಸೊಸೈಟಿಯ ಗುಮಾಸ್ತರು, ಅನಂತರ ಅಂಧರ ಶಾಲೆಯಲ್ಲಿ ಬ್ರೈಲ್ ಕಲಿತು ಬಂದಿದ್ದ ನೆರೆಮನೆಯ ತರುಣ. ಆತನೂ ಬಿ.ಎ.ಗೆ ಸೇರಿದ್ದ. ಪಾಠಗಳು ಬ್ರೈಲಿನಲ್ಲಿ ಬರುತ್ತಿರಲಿಲ್ಲವಾದ್ದರಿಂದ ನಾವು ಸರದಿಯಂತೆ ಗಟ್ಟಿಯಾಗಿ ಓದುತ್ತಿದ್ದೆವು. ಆತ ಹಲಗೆಯ ಮೇಲೆ ಚುಕ್ಕಿ ಚುಚ್ಚಿಕೊಳ್ಳುತ್ತಿದ್ದ. ಮಧ್ಯೆ ತಡೆದು, "ಮಾಷ್ಟ್ರೇ, ಈ ವಾಕ್ಯ ನಿಮಗೆ ಅರ್ಥವಾಯಿತಾ?" ಎಂದು ಕೇಳುತ್ತಿದ್ದ. ಕಣ್ಣುಳ್ಳ ನಾವು ಕಣ್ಣೋಡಿಸಿ ಮುಂದೆ ಹೋಗಿಬಿಡುತ್ತಿದ್ದ ಎಷ್ಟೋ ವಾಕ್ಯಗಳನ್ನು ಆತನ ದೆಸೆಯಿಂದ ನಿಂತು ತಿಳಿದುಕೊಂಡೆವು. ಅವನಿಗೆ ನಾವು ಉಪಕಾರ ಮಾಡಿದೆವೆಂದು ಊರಿನವರು ಹೇಳುವುದುಂಟು. ಲೆಕ್ಕ ತೆಗೆದರೆ ಋಣ ನಮ್ಮ ಕಡೆಗೇ ಇದೆ.

ಪರೀಕ್ಷೆಯಲ್ಲಿ ಆತನ ಪರವಾಗಿ ಬರೆಯುವವರು ಆತನಿಗಿಂತ ಕಡಿಮೆ ಓದಿದವರಾಗಿರಬೇಕೆಂಬ ನಿಯಮವಿತ್ತು. ಹಾಗಾಗಿ ಹೈಸ್ಕೂಲಿನ ಹುಡುಗನೊಬ್ಬನನ್ನು ಕರೆದೊಯ್ದೆವು. ಪತ್ರಗಳೆಲ್ಲ ಸರಿಯಾಗಿದ್ದರೂ, ಹೆಸರು ಹೇಳುವುದು ಬೇಡ, ಒಂದು ಪರೀಕ್ಷಾ ಕೇಂದ್ರದ ಅಧಿಕಾರಿಗಳು ಬಾಗಿಲಲ್ಲೇ ತಡೆದು ಅರ್ಧ ಗಂಟೆ ಕಳೆದರು. ಕಳೆದ ಹೊತ್ತನ್ನು ಮರಳಿ ಕೊಡಲಿಲ್ಲ. ಆತ ಆ ವರ್ಷ ಒಂದು ವಿಷಯದಲ್ಲಿ ಅನುತ್ತೀರ್ಣನಾಗಿ, ಮರುವರ್ಷ ಮುಗಿಸಿದ.

ಬೀಡಿ ಕಟ್ಟುತ್ತಿದ್ದ ಅಕ್ಕ ಒಬ್ಬರು ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲ ಬಳಿ ಕುಳಿತು ಕೇಳುತ್ತಿದ್ದರು. ಎಲೆ ಕತ್ತರಿಸುವ ಸದ್ದು ನಿಂತಿತೆಂದರೆ ಪಾಠ ರುಚಿಸಿತೆಂದು ಅರ್ಥ. ಕನ್ನಡ ಸಾಹಿತ್ಯ ಚರಿತ್ರೆಯನ್ನು ಅವರು ಪೂರ್ತಿಯಾಗಿ ಕೇಳಿದರು, ಆದರೆ ಓದಿದ್ದು ಏಳನೆಯ ತರಗತಿಯಾದ್ದರಿಂದ ಎಲ್ಲಿಯೂ ಸೇರುವಂತಿರಲಿಲ್ಲ. ಶಾಲಾ ಪ್ರಮಾಣಪತ್ರವಿಲ್ಲದವರಿಗೂ ಅರ್ಹತಾ ಪರೀಕ್ಷೆಯ ಮೂಲಕ ಪದವಿಯ ಬಾಗಿಲು ತೆರೆದ ಮುಕ್ತ ವಿಶ್ವವಿದ್ಯಾನಿಲಯ ದೇಶದಲ್ಲಿ ಮೊದಲಬಾರಿಗೆ 1982ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾಯಿತು. ಅಷ್ಟರಲ್ಲಿ ಅವರು ಮದುವೆಯಾಗಿ ಬೆಳ್ತಂಗಡಿಯ ಕಡೆಗೆ ಹೋಗಿದ್ದರು.

ನಾವೆಲ್ಲ ಒಬ್ಬೊಬ್ಬರಾಗಿ ಪದವೀಧರರಾದ ಮೇಲೆ ಕೂಟ ತಾನಾಗಿ ನಿಂತಿತು. ನಾನು 2005ರಲ್ಲಿ ನಿವೃತ್ತನಾದೆ. ನಡುವಣ ವರ್ಷಗಳ ವಿಚಾರ ಇಲ್ಲಿ ಅಗತ್ಯವಿಲ್ಲ.

2020ರ ಮಾರ್ಚ್ ಕೊನೆಯಲ್ಲಿ ಕೊರೋನಾ ವ್ಯಾಧಿಯ ಕಾರಣದಿಂದ ಗಡಿಯ ಹಲವು ರಸ್ತೆಗಳಿಗೆ ಮಣ್ಣು ಸುರಿದು ಸಂಚಾರವನ್ನು ತಡೆಯಲಾಯಿತು. ಆಸ್ಪತ್ರೆಗೂ ಕಾಲೇಜಿಗೂ ಮಂಗಳೂರನ್ನೇ ನಂಬಿದವರು ನಾವು. ನಮ್ಮ ಅವಸ್ಥೆಯನ್ನು ಬೇರೆ ಹೇಳಬೇಕಾಗಿಲ್ಲ. ಜೂನ್ 1ರಂದು ಕೇರಳದಲ್ಲಿ ವಿಕ್ಟರ್ಸ್ ವಾಹಿನಿಯ ಮೂಲಕ 'ಫಸ್ಟ್ ಬೆಲ್' ಪಾಠಗಳು ಆರಂಭವಾದವು. ಮೊದಲ ಪಾಠಗಳು ಮಲಯಾಳದಲ್ಲಿದ್ದವು. ಕನ್ನಡ ಮಾಧ್ಯಮದ ಪಾಠಗಳು ತಡವಾಗಿ ಬಂದವು. ನಮ್ಮ ಶಾಲೆಯ ಅಧ್ಯಾಪಕರು ಮನೆಮನೆಗೆ ಹೋಗಿ ಟಿ.ವಿ. ಇಲ್ಲದವರ ಪಟ್ಟಿ ಮಾಡಿ, ಗ್ರಂಥಾಲಯದಲ್ಲಿ ಒಂದನ್ನು ಇರಿಸಿದರು. ಸಣ್ಣ ಮಕ್ಕಳ ವ್ಯವಸ್ಥೆ ಅಂತೂ ಆಯಿತು.

ಯಾರ ಪಟ್ಟಿಯಲ್ಲಿಯೂ ಇಲ್ಲದವರು ಕಾಲೇಜಿನ ಮಕ್ಕಳು. ನಮ್ಮ ಶಾಲೆಯಲ್ಲಿ ಕಲಿತು ಮಂಗಳೂರು, ಪುತ್ತೂರು, ಕಾಸರಗೋಡುಗಳಲ್ಲಿ ಪದವಿಗೆ ಸೇರಿದ್ದ ಐವರು, ಮೊಬೈಲಿಗೆ ಸಂಪರ್ಕ ಸಿಗುವುದೆಂದು ನಮ್ಮ ಮೇಲಿನ ಗುಡ್ಡದಲ್ಲಿ ಕೊಡೆ ಹಿಡಿದು ಕುಳಿತಿರುತ್ತಿದ್ದರು. ಒಂದು ಸಂಜೆ ಅವರಲ್ಲೊಬ್ಬಳು, ತನ್ನ ಕಾಲೊನಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು, ಅಂಗಳದಲ್ಲಿ ನಿಂತು, "ಮಾಷ್ಟ್ರೇ, ಪಾಠ ಕೇಳ್ತದೆ. ಆದ್ರೆ ಯಾರನ್ನು ಕೇಳುವುದು?" ಎಂದಳು.

ದೂರಶಿಕ್ಷಣದ ಕುರಿತು ನಾನು ಓದಿದ ಯಾವ ವರದಿಯಲ್ಲೂ ಈ ತೊಡಕು ಇಷ್ಟು ಸ್ಪಷ್ಟವಾಗಿರಲಿಲ್ಲ. ಯಂತ್ರ ಕಿವಿಗೆ ತಲಪಿಸುತ್ತದೆ. ಪ್ರಶ್ನೆಯನ್ನು ಹಿಂದಕ್ಕೆ ಒಯ್ಯುವವರು ಬೇಕು. ಶಾಲೆಯ ಈಗಿನ ಮುಖ್ಯೋಪಾಧ್ಯಾಯಿನಿಯವರು ಮ್ಯಾನೇಜರರ ಒಪ್ಪಿಗೆ ಪಡೆದು, ನಿರ್ಬಂಧಗಳು ಸಡಿಲಾದ ಬಳಿಕ, ಪೂರ್ವದ ಕೊಠಡಿಯನ್ನು ಭಾನುವಾರ ತೆರೆಸಿದರು. ನಿವೃತ್ತ ಉಪನ್ಯಾಸಕರಾದ ನನ್ನ ಇಬ್ಬರು ಸ್ನೇಹಿತರು ಫೋನಿನಲ್ಲಿ ಸಂಶಯಗಳನ್ನು ಬಿಡಿಸಿದರು. ಐವರಲ್ಲಿ ಮೂವರು ಪದವಿ ಮುಗಿಸಿದರು. ಆ ಹುಡುಗಿ ಅವರಲ್ಲೊಬ್ಬಳು. ಒಬ್ಬ ಹುಡುಗ ತಂದೆಗೆ ಕೆಲಸ ಹೋದುದರಿಂದ ಮಂಗಳೂರಿನ ಅಂಗಡಿಯೊಂದಕ್ಕೆ ಸೇರಿದ. ಇನ್ನೊಬ್ಬ ಕ್ರಮೇಣ ಬರುವುದನ್ನು ನಿಲ್ಲಿಸಿದ. ಅವನ ಮನೆಗೆ ಎರಡು ಸಲ ಹೋಗಿ ಬಂದೆ, ಫಲವಾಗಲಿಲ್ಲ.

ನಮ್ಮ ಹಿಂದಿನ ಆ ಅಂಧ ಸ್ನೇಹಿತರು, ಈಗ ಅವರೂ ನಿವೃತ್ತರು, ಆ ದಿನಗಳಲ್ಲಿ ಒಂದು ಮಾತನ್ನು ತಿಳಿಸಿಕೊಟ್ಟರು. ಇಂದು ಮೊಬೈಲು ಕನ್ನಡ ಬರಹವನ್ನು ಓದಿ ಹೇಳುತ್ತದೆ. ಭಾನುವಾರದ ಕೂಟ ಬೇಕೆಂದಿಲ್ಲ. ಆದರೆ ಅಧ್ಯಾಪಕರು ಕೈಬರಹದ ಟಿಪ್ಪಣಿಯ ಚಿತ್ರ ತೆಗೆದು ಕಳುಹಿಸಿದರೆ ಅದು ಸರಿಯಾಗಿ ಓದುತ್ತದೆಂಬ ಭರವಸೆಯಿಲ್ಲ. ಅಕ್ಷರವನ್ನು ಅಕ್ಷರವಾಗಿಯೇ ಕಳುಹಿಸಬೇಕು. ಕಿವಿ ಕೇಳದವರಿಗೆ ಮಾತಿನ ಜೊತೆ ಬರಹ ಬೇಕು. ಹಣವಿಲ್ಲದವರಿಗೆ ವೀಡಿಯೋಕ್ಕಿಂತ ಧ್ವನಿಪಾಠ ಅಗ್ಗ. ಇಷ್ಟನ್ನು ಮಾಡಲು ದೊಡ್ಡ ಯೋಜನೆ ಬೇಕಿಲ್ಲ, ಕಳುಹಿಸುವ ಮೊದಲು ಪಡೆಯುವವರ ಮುಖ ನೆನಪಾದರೆ ಸಾಕು.

ಗಡಿನಾಡ ಕನ್ನಡಿಗರಿಗೆ ಇನ್ನೊಂದು ಇಕ್ಕಟ್ಟಿದೆ. ಮೈಸೂರಿನ ಆ ಅಂಚೆ ಶಿಕ್ಷಣವೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಅದರ ಮಾನ್ಯತೆಯ ಪ್ರಶ್ನೆ 2015ರಲ್ಲಿ ಎದ್ದು, 2018ರಲ್ಲಿ ಬಗೆಹರಿಯಿತು. ರಾಜ್ಯ ವಿಶ್ವವಿದ್ಯಾನಿಲಯಗಳ ದೂರಶಿಕ್ಷಣ ಕೇಂದ್ರಗಳು ರಾಜ್ಯದ ಎಲ್ಲೆಯೊಳಗೇ ಇರಬೇಕೆಂಬುದು ಯು.ಜಿ.ಸಿ.ಯ ನಿಯಮ. ಸಿಕ್ಕಸಿಕ್ಕಲ್ಲಿ ಕೇಂದ್ರ ತೆರೆದು ಪದವಿ ಮಾರುವವರನ್ನು ತಡೆಯಲು ಅದು ಬೇಕಾದುದೇ. ಆದರೆ ಭಾಷೆಯ ಎಲ್ಲೆ ರಾಜ್ಯದ ಎಲ್ಲೆಯಲ್ಲಿ ನಿಲ್ಲುವುದಿಲ್ಲ. ಕಾಸರಗೋಡು, ತಾಳವಾಡಿ, ಜತ್ತ, ಅಕ್ಕಲಕೋಟೆ, ಆದವಾನಿಗಳ ಕನ್ನಡಿಗರಿಗೆ ಒಂದು ವಿನಾಯಿತಿ ಕೇಳುವುದು ಅನ್ಯಾಯವೆಂದು ನನಗೆ ತೋರುವುದಿಲ್ಲ. ಗಡಿನಾಡ ಸಂಘಗಳು ಭಾಷಣಗಳ ನಡುವೆ ಈ ಬೇಡಿಕೆಗೂ ಸ್ವಲ್ಪ ಎಡೆ ಕೊಡಬೇಕು.

ಅದಾಗುವವರೆಗೆ ನಮ್ಮಿಂದಾಗುವುದನ್ನು ಮಾಡಬಹುದು. ಮಹೋತ್ಸವದ ಉಳಿಕೆ ಹಣದಲ್ಲಿ ಸ್ವಾಗತ ಕಮಾನು ಕಟ್ಟಬೇಕೆಂಬ ಸಲಹೆ ಬಂದಿದೆ. ಕಮಾನಿಗೆ ನನ್ನ ವಿರೋಧವಿಲ್ಲ, ಆದರೆ ಅದು ಮುಂದಿನ ವರ್ಷಕ್ಕಾದರೂ ಆದೀತು. ಪೂರ್ವದ ಕೊಠಡಿಗೆ ಒಂದು ಇಂಟರ್ನೆಟ್ ಸಂಪರ್ಕ, ಎರಡು ಕಂಪ್ಯೂಟರು, ಗಾಲಿಕುರ್ಚಿ ಏರುವಂತೆ ಮೆಟ್ಟಿಲ ಬದಿಗೆ ಒಂದು ಇಳಿಜಾರು, ಇಷ್ಟಿದ್ದರೆ ದೂರಶಿಕ್ಷಣದಲ್ಲಿ ಓದುವ ಯಾರೂ ಭಾನುವಾರ ಬಂದು ಕುಳಿತುಕೊಳ್ಳಬಹುದು, ಯಾವ ಶಾಲೆಯಲ್ಲಿ ಕಲಿತವರಾದರೂ, ಮನೆಯಲ್ಲಿ ತುಳುವೋ ಮರಾಟಿಯೋ ಬ್ಯಾರಿಯೋ ಮಾತಾಡುವವರಾದರೂ. ಸಮಿತಿಯ ಮುಂದಿನ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿದೆ. ಭಾನುವಾರ ಬೀಗ ತೆಗೆಯುವವರು ಯಾರೆಂಬ ಪ್ರಶ್ನೆ ಎದ್ದರೆ, ಶಾಲೆಯಿಂದ ನನ್ನ ಮನೆಗೆ ಐದೇ ನಿಮಿಷದ ದಾರಿ.